ಹೈನವೂ ಒಂದು ನೌಕರಿ, ಅದರ ಹೊರೆ ಮಗಳ ಹೆಗಲಿಗೆ ಬೀಳದಿರಲಿ



ರೇಷನ್ ಕಾರ್ಡಿಗೋ, ಆಸ್ಪತ್ರೆಯ ಚೀಟಿಗೋ, ಗಣತಿಗೋ ಯಾರಾದರೂ "ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿದರೆ ನಮ್ಮ ಭಾಗದ ಬಹಳಷ್ಟು ಹೆಣ್ಣುಮಕ್ಕಳು ಕೊಡುವ ಉತ್ತರ ಒಂದೇ: "ಏನಿಲ್ರಿ, ಮನ್ಯಾಗ ಇರ್ತೀನಿ." ಹೀಗೆ ಹೇಳುವ ಹೊತ್ತಿಗೆ ಆಕೆ ನಸುಕಿನಲ್ಲೇ ಎದ್ದು ಸೆಗಣಿ ಬಾಚಿ, ಎಮ್ಮೆ ಹಿಂಡಿ, ಡೈರಿಗೆ ಹಾಲು ಹಾಕಿ, ರೊಟ್ಟಿ ಬಡಿದು, ಮಕ್ಕಳನ್ನು ಸಾಲಿಗೆ ಕಳಿಸಿ, ಒಂದು ಹೊರೆ ಮೇವನ್ನೂ ತಂದಿರುತ್ತಾಳೆ. ಬಟವಾಡೆಯ ದಿನ ಆಕೆಯ ದುಡಿಮೆಯ ಹಣವೂ ಮನೆಗೆ ಬರುತ್ತದೆ. ಆದರೂ ಅದು ಆಕೆಯ ಲೆಕ್ಕದಲ್ಲಿ ಕೆಲಸವಲ್ಲ, ಮನೆಯವರ ಲೆಕ್ಕದಲ್ಲೂ ಕೆಲಸವಲ್ಲ.

ನೌಕರಿ ಮತ್ತು ಸಂಸಾರ ಎರಡನ್ನೂ ತೂಗಿಸುವುದು ಹೇಗೆ ಎಂಬ ಮಾತು ಬಂದರೆ ಬೆಂಗಳೂರಿನ ಆಫೀಸಿಗೆ ಹೋಗುವವರ ಚಿತ್ರ ಕಣ್ಣಿಗೆ ಬರುತ್ತದೆ. ಆದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕಿನ ಹೈನುಗಾರ ಹೆಣ್ಣುಮಗಳಿಗೆ ಈ ಪ್ರಶ್ನೆ ಅವರಿಗಿಂತ ಹತ್ತಿರದ್ದು. ಅವರಿಗೆ ಭಾನುವಾರ ರಜೆ ಉಂಟು, ಎಮ್ಮೆಗೆ ಭಾನುವಾರ ಗೊತ್ತಿಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಅಲ್ಲಿ ದುಡಿಯುವವರಿಗೆ ಪಾಳಿ ಇದೆ. ಪಾಳಿ ಮುಗಿಸಿ ಮನೆಗೆ ಬಂದವನಿಗೆ ಕುಡಿಯಲು ನೀರು ಕೊಟ್ಟು ಕೂಡ್ರಿಸುತ್ತಾರೆ. ಹೈನದವಳ ಪಾಳಿ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಡದ ಕೆಲಸವನ್ನು ಹಂಚಿಕೊಳ್ಳುವುದೂ ಕಷ್ಟ.

ಆದ್ದರಿಂದ ಈ ಲೇಖನದಲ್ಲಿ ಮೂರು ಮಾತು ಹೇಳುತ್ತೇವೆ. ಹೈನವನ್ನು ನೌಕರಿಯೆಂದು ತಿಳಿದು ತಾಸಿನ ಲೆಕ್ಕ ಇಡಿ. ಆ ತಾಸುಗಳನ್ನು ಅನುಕೂಲ ಮಾಡಿಕೊಂಡು ಇಳಿಸಿ. ಉಳಿದದ್ದನ್ನು ಮನೆಯ ದೊಡ್ಡವರು ಹಂಚಿಕೊಳ್ಳಿ. ಶಾಲೆಗೆ ಹೋಗುವ ಮಗಳ ತಲೆಯ ಮೇಲೆ ಹಾಕಬೇಡಿ.

ನಿಮ್ಮ ದಿನಕ್ಕೆ ಎಷ್ಟು ತಾಸು?

ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಕೇಂದ್ರ ಸರ್ಕಾರದ ಅಂಕಿ-ಅಂಶ ಇಲಾಖೆ 2019ರಲ್ಲಿ ಸಮೀಕ್ಷೆ ಮಾಡಿತು. ಅಡುಗೆ, ಪಾತ್ರೆ, ಬಟ್ಟೆ, ಕಸ ಹೀಗೆ ಸಂಬಳವಿಲ್ಲದ ಮನೆಗೆಲಸ ಮಾಡುವವರು 100 ಹೆಂಗಸರಲ್ಲಿ 81 ಮಂದಿ, 100 ಗಂಡಸರಲ್ಲಿ 26 ಮಂದಿ ಎಂದು ತಿಳಿಯಿತು. ಮಾಡುವವರಲ್ಲೂ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಮಾಡುತ್ತಿದ್ದರು. 2024ರಲ್ಲಿ ಮತ್ತೆ ಸಮೀಕ್ಷೆ ನಡೆದಾಗ ಹೆಂಗಸರದು 289 ನಿಮಿಷ, ಗಂಡಸರದು 88 ನಿಮಿಷ ಆಗಿತ್ತು. ಐದು ವರ್ಷಗಳಲ್ಲಿ ಹೆಂಗಸರ ಹೊರೆ 10 ನಿಮಿಷ ಇಳಿದರೆ ಗಂಡಸರದೂ 9 ನಿಮಿಷ ಇಳಿಯಿತು. ಅಂತರ ಮಾತ್ರ ಇದ್ದಲ್ಲೇ ಇದೆ.

289 ನಿಮಿಷ ಎಂದರೆ ಹೆಚ್ಚುಕಡಿಮೆ ಐದು ತಾಸು. ಇದರಲ್ಲಿ ಮಕ್ಕಳು, ಮುದುಕರು, ಕಾಯಿಲೆಯವರನ್ನು ನೋಡಿಕೊಳ್ಳುವ ಹೊತ್ತು ಸೇರಿಲ್ಲ. ಕೊಟ್ಟಿಗೆಯ ಕೆಲಸವೂ ಸೇರಿಲ್ಲ. ನಾಟಿ, ಕಳೆ, ಹತ್ತಿ ಬಿಡಿಸುವ ಕೂಲಿಯೂ ಸೇರಿಲ್ಲ. ಅವೆಲ್ಲ ಈ ಐದು ತಾಸಿನ ಮೇಲೆ.

ಒಂದು ಕೆಲಸ ಮಾಡಿ. ಮೂರು ದಿನ ಮಾತ್ರ, ಮಗ ಅಥವಾ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಕೊಟ್ಟಿಗೆಯ ಕೆಲಸಕ್ಕೆ ಹಿಡಿದ ಹೊತ್ತನ್ನು ಬರೆಯಿರಿ. ಆರು ಸಾಲು ಸಾಕು: ಸೆಗಣಿ ತೆಗೆದು ಕೊಟ್ಟಿಗೆ ತೊಳೆಯುವುದು, ಹಿಂಡುವುದು, ಡೈರಿಗೆ ಹೋಗಿ ಬರುವುದು, ಮೇವು ತರುವುದು, ಮೇವು ಹಾಕುವುದು, ನೀರು ಹೊರುವುದು. ಯಾವ ಕೆಲಸ ಯಾರು ಮಾಡಿದರು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಓದಲು ಬರೆಯಲು ಬಾರದವರು ಅರ್ಧ ತಾಸಿಗೆ ಒಂದು ಗೀಟು ಎಳೆದರೂ ಆಯಿತು.

ಮೂರನೇ ದಿನ ಎಣಿಸಿ ನೋಡಿದಾಗ ಹಿಂಡುವುದಕ್ಕಿಂತ ಹೆಚ್ಚು ಹೊತ್ತನ್ನು ಮೇವು, ನೀರು ತಿನ್ನುತ್ತಿರುವುದು ಬಹಳ ಮನೆಗಳಲ್ಲಿ ಕಾಣುತ್ತದೆ. ಹಿಂಡುವ ಕೆಲಸಕ್ಕೆ ಕೈ ಬೇಕೇಬೇಕು. ನೀರು ಹೊರುವುದಕ್ಕೂ ಮೇವು ಹೊರುವುದಕ್ಕೂ ಬೇರೆ ದಾರಿ ಇದೆ. ಉಳಿತಾಯ ಮಾಡಬೇಕಾದದ್ದು ಅಲ್ಲಿ.

ಹೊರೆ ಯಾರ ಕಡೆ ಜಾರುತ್ತಿದೆ?

ಕೆಲಸ ಹೆಚ್ಚಾದಾಗ ಅದು ಮನೆಯಲ್ಲಿ ಬೇಡ ಎನ್ನಲು ಆಗದವರ ಕಡೆ ಜಾರುತ್ತದೆ. ಅಂಥವರು ಇಬ್ಬರು: ವಯಸ್ಸಾದ ಅತ್ತೆ ಮತ್ತು ದೊಡ್ಡ ಮಗಳು. ತಾಯಿ ನಾಟಿಗೆ ಹೋದರೆ ಮಗಳು ಕೊಟ್ಟಿಗೆಗೆ ಇಳಿಯುತ್ತಾಳೆ. ಎಮ್ಮೆ ಈಯ್ದ ವಾರ ಶಾಲೆ ತಪ್ಪುತ್ತದೆ. ಹತ್ತಿ ಬಿಡಿಸುವ ಹಂಗಾಮಿನಲ್ಲಿ ತಿಂಗಳೇ ತಪ್ಪುತ್ತದೆ. ಏಳನೇ ತರಗತಿಯಲ್ಲಿ ತಪ್ಪಿದ ಪಾಠ ಎಸ್ಸೆಸ್ಸೆಲ್ಸಿಯಲ್ಲಿ ತೊಡಕಾಗುತ್ತದೆ. ಆಮೇಲೆ "ಓದಿನ್ಯಾಗ ಮನಸಿಲ್ಲ, ಮದಿವಿ ಮಾಡೋಣು" ಎಂಬ ಮಾತು ಬರುತ್ತದೆ.

2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಗಂಡಸರಲ್ಲಿ ಶೇ 70ರಷ್ಟು ಮಂದಿಗೆ ಓದು-ಬರಹ ಬರುತ್ತಿತ್ತು, ಹೆಂಗಸರಲ್ಲಿ ಶೇ 49ರಷ್ಟೂ ಇರಲಿಲ್ಲ. ಇಂದು ಹಾಲು ಹಾಕುವ ನಿಮ್ಮಲ್ಲಿ ಅನೇಕರು ಆ ಲೆಕ್ಕದೊಳಗಿದ್ದವರೇ. ಡೈರಿಯ ಪಾಸ್‌ಬುಕ್ಕಿನಲ್ಲಿ ಬರೆದದ್ದನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾದ ಕಷ್ಟ ನಿಮಗೇ ಗೊತ್ತು. ಹಾಲಿನ ದುಡ್ಡಿನಿಂದ ಮಗಳಿಗೆ ಸೈಕಲ್ಲು, ಪುಸ್ತಕ ತಂದು, ಅದೇ ಹಾಲಿನ ಕೆಲಸಕ್ಕಾಗಿ ಆಕೆಯನ್ನು ಶಾಲೆ ಬಿಡಿಸಿದರೆ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ.

ಮಕ್ಕಳು ಕೆಲಸ ಕಲಿಯಬಾರದು ಎಂದು ನಾವು ಹೇಳುತ್ತಿಲ್ಲ. ಸಂಜೆ ಕರುವಿಗೆ ನೀರಿಡುವುದು, ಹಾಲಿನ ಲೆಕ್ಕ ಬರೆಯುವುದು ಮಕ್ಕಳಿಗೆ ಒಳ್ಳೆಯದೇ. ಆದರೆ ಆ ಕೆಲಸ ಮಗನಿಗೂ ಇರಲಿ, ಮಗಳಿಗೂ ಇರಲಿ. ಶಾಲೆಯ ಹೊತ್ತನ್ನು, ಓದಿನ ಹೊತ್ತನ್ನು ಅದು ಮುಟ್ಟದಿರಲಿ. ನಿಮ್ಮ ಮೂರು ದಿನದ ನೋಟ್‌ಬುಕ್ಕಿನಲ್ಲಿ ಮಗಳ ಹೆಸರು ಎಷ್ಟು ಸಲ ಬಂದಿದೆ, ಮಗನ ಹೆಸರು ಎಷ್ಟು ಸಲ ಬಂದಿದೆ ಎಂದು ನೋಡಿ.

ಒಂದು ತಾಸಿಗೆ ಎಷ್ಟು ರೂಪಾಯಿ ಬಿತ್ತು?

ಹಾಲಿನ ಬಿಲ್ಲು ಬಂದಾಗ ಎಷ್ಟು ಬಂತು ಎಂದಷ್ಟೇ ನೋಡುತ್ತೇವೆ. ಒಂದು ತಾಸಿನ ದುಡಿಮೆಗೆ ಎಷ್ಟು ಬಿತ್ತು ಎಂದು ನೋಡುವುದಿಲ್ಲ. ಕೂಲಿಗೆ ಹೋದರೆ ಅದನ್ನು ಕೇಳದೆ ಬಿಡುತ್ತೇವೆಯೇ?

ಹತ್ತು ದಿನದ ಒಂದು ಲೆಕ್ಕ ಹಾಕೋಣ. ಇಲ್ಲಿನ ದರಗಳು ಉದಾಹರಣೆಗೆ ಮಾತ್ರ, ನಿಮ್ಮ ಸಂಘದ ದರ ಹಾಕಿ ನೀವೇ ಮಾಡಿ ನೋಡಿ. ದಿನಕ್ಕೆ 8 ಲೀಟರ್‌ನಂತೆ ಹತ್ತು ದಿನಕ್ಕೆ 80 ಲೀಟರ್. ಲೀಟರಿಗೆ 35 ರೂಪಾಯಿ ಹಿಡಿದರೆ 2,800 ರೂಪಾಯಿ. ಪಶು ಆಹಾರ ದಿನಕ್ಕೆ 5 ಕೆ.ಜಿ.ಯಂತೆ 50 ಕೆ.ಜಿ. ಆಯಿತು. ಕೆ.ಜಿ.ಗೆ 25 ರೂಪಾಯಿ ಹಿಡಿದರೆ 1,250 ರೂಪಾಯಿ. ಕೊಂಡ ಮೇವು, ಖನಿಜ ಮಿಶ್ರಣ, ಔಷಧಕ್ಕೆ 350 ರೂಪಾಯಿ. ಕೈಯಲ್ಲಿ ಉಳಿದದ್ದು 1,200 ರೂಪಾಯಿ. ದಿನಕ್ಕೆ ಐದು ತಾಸಿನಂತೆ ಹತ್ತು ದಿನಕ್ಕೆ 50 ತಾಸು ದುಡಿದಿದ್ದೀರಿ. ತಾಸಿಗೆ 24 ರೂಪಾಯಿ ಬಿತ್ತು.

ಈಗ ನೀರಿನದು, ಮೇವಿನದು ಅನುಕೂಲ ಮಾಡಿಕೊಂಡು ದಿನಕ್ಕೆ ಒಂದೂವರೆ ತಾಸು ಉಳಿಸಿದಿರಿ ಎಂದುಕೊಳ್ಳಿ. 50 ತಾಸಿನ ಕೆಲಸ 35 ತಾಸಿಗೆ ಮುಗಿಯಿತು. ಒಂದು ಹನಿ ಹಾಲೂ ಹೆಚ್ಚಾಗಿಲ್ಲ, ಆದರೂ ತಾಸಿಗೆ 34 ರೂಪಾಯಿ ಬಿತ್ತು. ಉಳಿದ ಒಂದೂವರೆ ತಾಸು ಮಗಳ ಓದಿಗೆ ಸಿಕ್ಕಿತು, ಇಲ್ಲವೇ ನಿಮ್ಮ ನಿದ್ದೆಗೆ ಸಿಕ್ಕಿತು. ಸರ್ಕಾರದ ಪ್ರೋತ್ಸಾಹಧನ ಬಂದಾಗ ಅದನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಮನೆಗೆ ಬಳಸಿದ ಹಾಲನ್ನೂ ಬರೆಯಿರಿ, ಅದೂ ದುಡಿಮೆಯೇ.

ಹೊತ್ತು ಉಳಿಸುವ ಕೆಲಸಗಳು

ನೀರು: ನಮ್ಮ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ದನಕ್ಕೆ ದಿನಕ್ಕೆರಡು ಸಲ ಬಕೆಟ್ಟಿನಲ್ಲಿ ನೀರು ತೋರಿಸಿದರೆ ಸಾಲದು. ಕೊಟ್ಟಿಗೆಯಲ್ಲೇ ನೆರಳಿನಲ್ಲಿ ಒಂದು ಸಿಮೆಂಟ್ ತೊಟ್ಟಿ ಇಟ್ಟು, ನಳದಿಂದ ಪೈಪು ಎಳೆದು ತುಂಬಿಸಿದರೆ ದನ ತನಗೆ ಬೇಕಾದಾಗ ಕುಡಿಯುತ್ತದೆ. ಬಕೆಟ್ ಹೊರುವ ಕೆಲಸ ನಿಲ್ಲುತ್ತದೆ, ಹಾಲೂ ಕಡಿಮೆಯಾಗುವುದಿಲ್ಲ. ವಾರಕ್ಕೊಮ್ಮೆ ತೊಟ್ಟಿ ತಿಕ್ಕಿ ಸುಣ್ಣ ಬಳಿಯಿರಿ.

ಮೇವು ಕತ್ತರಿಸುವ ಯಂತ್ರ: ಜೋಳದ ಕಣಿಕಿಯನ್ನು ಇಡಿಯಾಗಿ ಹಾಕಿದರೆ ದನ ಎಲೆ ತಿಂದು ದಂಟು ಬಿಡುತ್ತದೆ. ಬಿಟ್ಟದ್ದನ್ನು ತೆಗೆದು ತಿಪ್ಪೆಗೆ ಹಾಕುವುದು ಮತ್ತೊಂದು ಕೆಲಸ. ಕತ್ತರಿಸಿ ಹಾಕಿದರೆ ದಂಟೂ ಹೊಟ್ಟೆಗೆ ಹೋಗುತ್ತದೆ, ಹೊರುವ ಹೊರೆ ಕಡಿಮೆಯಾಗುತ್ತದೆ. ಒಂದೇ ಮನೆಗೆ ಭಾರವಾದರೆ ಸ್ವಸಹಾಯ ಸಂಘದಿಂದ ನಾಲ್ಕಾರು ಮನೆಯವರು ಕೂಡಿ ಒಂದು ಯಂತ್ರ ತರಬಹುದು. ಯಂತ್ರದ ಹತ್ತಿರ ಸೀರೆಯ ಸೆರಗು ಬಿಗಿದು ಕಟ್ಟಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಹಸಿರು ಮೇವು: ನೀರಿನ ಅನುಕೂಲ ಇರುವವರು ಹೈಬ್ರಿಡ್ ನೇಪಿಯರ್ ಹುಲ್ಲನ್ನು ದೂರದ ಹೊಲದಲ್ಲಿ ಹಾಕದೆ ಕೊಟ್ಟಿಗೆಯ ಹತ್ತಿರವೇ ಹಾಕಿ. ಬಚ್ಚಲ ನೀರು, ಕೊಟ್ಟಿಗೆ ತೊಳೆದ ನೀರು ಅದಕ್ಕೇ ಹೋಗಲಿ. ಮೊದಲ ಕಟಾವು ಎರಡೂವರೆ ತಿಂಗಳಿಗೆ, ಆಮೇಲೆ ಸುಮಾರು 45 ದಿನಕ್ಕೊಮ್ಮೆ ಬರುತ್ತದೆ.

ಭತ್ತದ ಹುಲ್ಲು: ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತದ ಹುಲ್ಲು ಬೇಕಾದಷ್ಟು. ಆದರೆ ಬರೀ ಹುಲ್ಲಿನಲ್ಲಿ ಸತ್ವ ಕಡಿಮೆ. 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ತಾಡಪಾಲಿನಿಂದ 21 ದಿನ ಮುಚ್ಚಿಡಬೇಕು. ತೆಗೆದ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಹರವಿ, ಮೊದಲ ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಹಾಕಬೇಡಿ. ಯೂರಿಯಾ ಕರಗಿಸಿದ ನೀರು ದನದ ಬಾಯಿಗೆ ಸಿಕ್ಕರೆ ಪ್ರಾಣಕ್ಕೆ ಅಪಾಯ. ಮೊದಲ ಸಲ ಮಾಡುವಾಗ ಪಶುವೈದ್ಯರನ್ನು ಅಥವಾ ಒಕ್ಕೂಟದ ವಿಸ್ತರಣಾಧಿಕಾರಿಯನ್ನು ಮುಂದೆ ನಿಲ್ಲಿಸಿಕೊಂಡು ಮಾಡಿ.

ರಸಮೇವು: ಮೆಕ್ಕೆಜೋಳದ ಕಾಳು ಹಾಲುಗಾಳಾದಾಗ ಕಟಾವು ಮಾಡಿ, ಸಣ್ಣಗೆ ಕತ್ತರಿಸಿ, ಚೀಲದಲ್ಲಿ ಗಾಳಿ ಇಲ್ಲದಂತೆ ತುಂಬಿದರೆ 45 ದಿನಕ್ಕೆ ರಸಮೇವು ಸಿದ್ಧ. ತುಂಬುವ ದಿನ ಮನೆಮಂದಿಯೆಲ್ಲ ಸೇರಿ ಕಷ್ಟಪಡಬೇಕು ನಿಜ. ಆಮೇಲೆ ನಾಟಿಯ ದಿನಗಳಲ್ಲಿ, ಮಳೆ ಹಿಡಿದ ದಿನಗಳಲ್ಲಿ ಮೇವಿಗೆಂದು ಹೊಲಕ್ಕೆ ಓಡುವುದು ತಪ್ಪುತ್ತದೆ.

ಹಿಂಡುವುದು: ಕೆಚ್ಚಲು ತೊಳೆದ ಮೇಲೆ ಹಾಲು ತೊರೆಯುವುದು ಐದರಿಂದ ಎಂಟು ನಿಮಿಷ ಮಾತ್ರ. ಅಷ್ಟರೊಳಗೆ ಹಿಂಡಿ ಮುಗಿಸಬೇಕು. ಕೆಚ್ಚಲು ತೊಳೆದಿಟ್ಟು ಒಲೆಯ ಮೇಲಿನ ಸಾರು ನೋಡಲು ಹೋದರೆ ಹಾಲೂ ಕಡಿಮೆ, ಕೆಚ್ಚಲು ಬಾವಿಗೂ ದಾರಿ. ಹಿಂಡುವ ಹೊತ್ತಿಗೆ ಒಲೆ ಆರಿಸಿ, ಇಲ್ಲವೇ ಒಲೆಯ ಮುಂದೆ ಇನ್ನೊಬ್ಬರನ್ನು ಕೂಡ್ರಿಸಿ.

"ಕೈ ಹಚ್ರಿ" ಅನ್ನಬೇಡಿ, "ನಿಮ್ಮ ಪಾಲು" ಅನ್ನಿ

ಗಂಡಸರು ಕೆಲಸ ಮಾಡುವುದೇ ಇಲ್ಲ ಎಂದರೆ ತಪ್ಪಾಗುತ್ತದೆ. ಹೊಲ, ಪಂಪ್‌ಸೆಟ್ಟು, ಗೊಬ್ಬರ, ಸಂತೆ ಎಲ್ಲ ಅವರ ಮೈಮೇಲಿದೆ. ಆದರೆ ಕೊಟ್ಟಿಗೆಗೆ ಬಂದಾಗ ಅವರು "ಸಹಾಯ" ಮಾಡುತ್ತಾರೆ. ಸಹಾಯ ಮಾಡುವವನು ಹೇಳಿದಾಗ ಮಾಡುತ್ತಾನೆ, ಹೇಳದಿದ್ದರೆ ಇಲ್ಲ. ಕೆಲಸ ನೆನಪಿಟ್ಟುಕೊಳ್ಳುವ ಭಾರ ನಿಮ್ಮ ತಲೆಯಲ್ಲೇ ಉಳಿಯುತ್ತದೆ.

ಅದಕ್ಕೆ ಕೆಲಸವನ್ನು ಚೂರು ಚೂರು ಮಾಡಿ ಕೊಡಬೇಡಿ. ಒಂದು ಕೆಲಸವನ್ನು ಪೂರ್ತಿ ಕೊಡಿ. "ಸಂಜಿ ಮೇವು ನೀರು ನಿಮ್ಮ ಪಾಲಿಗೆ ಇರಲಿರಿ, ನಾ ಹಿಂಡೋದು ಅಡಿಗಿ ನೋಡ್ಕೋತೀನಿ" ಎಂದು ಸಮಾಧಾನದಿಂದ ಹೇಳಿ. ಮೊದಲ ವಾರ ಗೋದಲಿಯಲ್ಲಿ ಮೇವು ಹೆಚ್ಚುಕಡಿಮೆ ಆದರೂ ಬಾಯಿ ಹಾಕಬೇಡಿ. ಹಾಲು ಕಡಿಮೆಯಾದರೆ ಬಿಲ್ಲಿನಲ್ಲಿ ತಾನೇ ಕಾಣುತ್ತದೆ. ನೋಟ್‌ಬುಕ್ಕಿನಲ್ಲಿ ಬರೆದ ತಾಸಿನ ಲೆಕ್ಕ ಇಂಥಲ್ಲಿ ಕೆಲಸಕ್ಕೆ ಬರುತ್ತದೆ. ಬಾಯಿಮಾತಿನಲ್ಲಿ ಹೇಳಿದರೆ ಜಗಳವಾಗುವುದು ಲೆಕ್ಕ ತೋರಿಸಿದರೆ ಮಾತುಕತೆಯಾಗುತ್ತದೆ.

ಅತ್ತೆಗೆ ಹೊರೆ ಹೊರಲು ಆಗದಿರಬಹುದು, ಅವರ ಕಣ್ಣು ಮಾತ್ರ ಚುರುಕು. ಎಮ್ಮೆ ಸದ್ದಿಲ್ಲದೆ ಬೆದೆಗೆ ಬರುತ್ತದೆ, ಅದೂ ರಾತ್ರಿ ಅಥವಾ ನಸುಕಿನಲ್ಲಿ. ಸೋರುವ ಲೋಳೆ, ಪದೇ ಪದೇ ಉಚ್ಚೆ ಹೊಯ್ಯುವುದು, ಮೇವು ಬಿಡುವುದು ಇವನ್ನು ಗಮನಿಸುವ ಕೆಲಸ ಅವರಿಗಿರಲಿ. ಮುಂಜಾನೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಮುಂಜಾನೆ ಗರ್ಭಧಾರಣೆ ಮಾಡಿಸಬೇಕು. ಒಂದು ಬೆದೆ ತಪ್ಪಿದರೆ 21 ದಿನದ ಮೇವು ದಂಡ.

ಗಂಡ ಬೆಂಗಳೂರು ಕಡೆ ದುಡಿಯಲು ಹೋದ ಮನೆಗಳೂ ನಮ್ಮಲ್ಲಿ ಬಹಳ. ಅಂಥ ಅಕ್ಕಂದಿರು ಮುಯ್ಯಿ ಪದ್ಧತಿಯನ್ನು ಕೊಟ್ಟಿಗೆಗೂ ತರಬಹುದು. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುವುದಿಲ್ಲವೇ? ಹಾಗೆಯೇ ಇವತ್ತು ಇಬ್ಬರ ಮನೆಯ ಹಾಲನ್ನೂ ಒಬ್ಬರು ಡೈರಿಗೆ ಒಯ್ಯುವುದು, ನಾಳೆ ಇನ್ನೊಬ್ಬರು. ಕ್ಯಾನು ಬೇರೆ ಬೇರೆ ಇರಲಿ, ಚೀಟಿ ಬೇರೆ ಬೇರೆ ಬರಲಿ.

ಈಯುವ ತಿಂಗಳನ್ನು ಮೊದಲೇ ನೋಡಿಕೊಳ್ಳಿ

ಆಕಳು ಗಬ್ಬವಾದ ಮೇಲೆ ಸುಮಾರು 280 ದಿನಕ್ಕೆ, ಎಮ್ಮೆ ಸುಮಾರು 310 ದಿನಕ್ಕೆ ಈಯುತ್ತದೆ. ಜನವರಿ ಮೊದಲ ವಾರ ಗಬ್ಬವಾದ ಆಕಳು ಅಕ್ಟೋಬರ್ ಎರಡನೇ ವಾರದ ಹೊತ್ತಿಗೆ, ಎಮ್ಮೆ ನವೆಂಬರ್ ಎರಡನೇ ವಾರದ ಹೊತ್ತಿಗೆ ಈಯಬಹುದು. ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ತಿಂಗಳು ನಿಮ್ಮ ಮನೆಯಲ್ಲಿ ಬೇರೆ ಏನು ಕೆಲಸವಿದೆ ಎಂದು ನೋಡಿ. ಸಿಂಧನೂರಿನವರಿಗೆ ಮುಂಗಾರಿನ ನಾಟಿ, ಲಿಂಗಸುಗೂರು, ಮಸ್ಕಿಯ ಮಳೆಯಾಶ್ರಿತ ಹೊಲದವರಿಗೆ ಹತ್ತಿ ಬಿಡಿಸುವ ಕೆಲಸ, ಆಮೇಲೆ ಜೋಳದ ಸುಗ್ಗಿ. ಎರಡು ಕರಾವು ಇದ್ದರೆ ಎರಡೂ ಒಂದೇ ತಿಂಗಳು ಈಯದಂತೆ ನೋಡಿಕೊಂಡರೆ ಕೆಲಸ ಹಂಚಿಹೋಗುತ್ತದೆ, ಬಿಲ್ಲೂ ವರ್ಷವಿಡೀ ಬರುತ್ತದೆ. ಆದರೆ ಇದೇ ನೆಪದಲ್ಲಿ ಬೆದೆಗಳನ್ನು ಬಿಡುತ್ತಾ ಹೋಗಬೇಡಿ. ಒಂದು ಬೆದೆ ಹಿಂದೆ ಮುಂದೆ ಮಾಡಬಹುದು, ಅದಕ್ಕಿಂತ ಹೆಚ್ಚು ಬೇಡ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಕಾಲುವೆಯ ನೀರು ನಂಬಿದ ಪ್ರತಿ ಮನೆಯಲ್ಲೂ ಬೆಳೆಯ ಚಿಂತೆ ಹತ್ತಿತ್ತು. ಅಂಥ ದಿನಗಳಲ್ಲಿ ಕಿರಾಣಿ ಅಂಗಡಿಯ ಲೆಕ್ಕ ತೀರಿಸುವುದು ಹಾಲಿನ ಬಿಲ್ಲು. ಮನೆಯನ್ನು ಹಿಡಿದು ನಿಲ್ಲಿಸುವ ಈ ದುಡಿಮೆಗೆ ಮನೆಯವರೆಲ್ಲ ಹೆಗಲು ಕೊಡಬೇಕಾದದ್ದು ನ್ಯಾಯ.

ಬಸುರಿ, ಬಾಣಂತಿ, ಕೂಸು

ಬಸುರಿಯಾದವರು ಒಂದು ಮಾತು ನೆನಪಿಡಿ. ದನ ಕಂದು ಹಾಕಿದರೆ ಆ ಕಂದನ್ನು, ಮಾಸನ್ನು, ಅದರ ನೀರನ್ನು ಬರಿಗೈಯಿಂದ ಮುಟ್ಟಬೇಡಿ. ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲೋಸಿಸ್, ದನದಿಂದ ಮನುಷ್ಯರಿಗೂ ಬರುತ್ತದೆ. ಆ ಕೆಲಸ ಬೇರೆಯವರು ಕೈಗೆ ಗ್ಲೌಸ್ ಹಾಕಿಕೊಂಡು ಮಾಡಿ, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹುಗಿಯಲಿ. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನೊಳಗೆ ಈ ರೋಗದ ಲಸಿಕೆ ಹಾಕಿಸಿ, ಜೀವನದಲ್ಲಿ ಒಂದೇ ಸಲ ಸಾಕು. ಹಾಲನ್ನು ಕಾಯಿಸದೆ ಮಕ್ಕಳಿಗೆ ಕುಡಿಸಬೇಡಿ.

ಬಸುರಿಗೆ ಕೊನೆಯ ತಿಂಗಳುಗಳಲ್ಲಿ, ಬಾಣಂತನದಲ್ಲಿ ಮೇವಿನ ಹೊರೆ, ನೀರಿನ ಕೊಡ ಬೇಡ. ಆ ತಿಂಗಳುಗಳಲ್ಲಿ ಯಾರು ಹಿಂಡುತ್ತಾರೆ, ಯಾರು ಡೈರಿಗೆ ಹೋಗುತ್ತಾರೆ ಎಂಬುದನ್ನು ಐದನೇ ತಿಂಗಳಲ್ಲೇ ಮನೆಯವರು ಕೂತು ಗೊತ್ತು ಮಾಡಿ. ಎಮ್ಮೆ ಒಂದೇ ಕೈಗೆ ಹೊಂದಿಕೊಂಡಿದ್ದರೆ ಇನ್ನೊಂದು ಕೈ ರೂಢಿಯಾಗಲು ದಿನ ಹಿಡಿಯುತ್ತದೆ.

ಕೂಸಿದ್ದವರು ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ "ಕೂಸಿನ ಮನೆ" ಇದೆಯೇ ಎಂದು ಕೇಳಿ. 2023ರಿಂದ ಈಚೆಗೆ ರಾಜ್ಯದ ಹಲವು ಪಂಚಾಯಿತಿಗಳಲ್ಲಿ ಇವು ಶುರುವಾಗಿವೆ. ಮೂರು ವರ್ಷದೊಳಗಿನ ಮಕ್ಕಳನ್ನು ಹಗಲು ಅಲ್ಲಿ ನೋಡಿಕೊಳ್ಳುತ್ತಾರೆ. ಮೂರು ತುಂಬಿದ ಮಕ್ಕಳಿಗೆ ಅಂಗನವಾಡಿ ಇದೆ. ನಿಮ್ಮೂರಲ್ಲಿ ಕೂಸಿನ ಮನೆ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ನಾಲ್ಕು ಜನ ಹೈನುಗಾರ ತಾಯಂದಿರು ಎದ್ದು ಕೇಳಿ.

ದುಡ್ಡು ಯಾರ ಖಾತೆಗೆ?

ಹಿಂಡುವವರು ನೀವು, ಸಂಘದಲ್ಲಿ ಸದಸ್ಯತ್ವ ಯಜಮಾನರ ಹೆಸರಿನಲ್ಲಿ. ಬಹಳ ಕಡೆ ಹೀಗೇ ಇದೆ. ಇದರಿಂದ ಮೂರು ನಷ್ಟ. ಒಂದು, ಬಿಲ್ಲು ನಿಮ್ಮ ಖಾತೆಗೆ ಬರುವುದಿಲ್ಲ. ಎರಡು, ಸಂಘದ ಸಭೆಯಲ್ಲಿ ನಿಮಗೆ ಮತವಿಲ್ಲ. ಮೂರು, ಸಹಕಾರ ಸಂಘದ ಸದಸ್ಯರಿಗೆಂದು ಇರುವ ಯಶಸ್ವಿನಿಯಂಥ ಯೋಜನೆಗಳಿಗೆ ನೀವು ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕಲು ಬರುವುದಿಲ್ಲ. ಗೃಹಲಕ್ಷ್ಮಿ ಬಂದ ಮೇಲೆ ಬಹಳ ಮಂದಿಗೆ ಸ್ವಂತ ಬ್ಯಾಂಕ್ ಖಾತೆ ಆಗಿದೆ. ಅದೇ ಖಾತೆಗೆ ಹಾಲಿನ ದುಡ್ಡೂ ಬರಲಿ. ಸದಸ್ಯತ್ವದ ಅರ್ಜಿ, ಷೇರಿನ ಹಣದ ವಿವರ ಸಂಘದ ಕಾರ್ಯದರ್ಶಿಯಲ್ಲಿ ಸಿಗುತ್ತದೆ.

ಸದಸ್ಯರಾದ ಮೇಲೆ ವರ್ಷಕ್ಕೊಮ್ಮೆ ನಡೆಯುವ ಸರ್ವ ಸದಸ್ಯರ ಸಭೆ ತಪ್ಪಿಸಬೇಡಿ. ಸಭೆಗೆ ಬಾರದೆ, ಹಾಲು ಹಾಕದೆ ಉಳಿದವರ ಮತದಾನದ ಹಕ್ಕು ಕೈತಪ್ಪಬಹುದು. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ 2 ಸ್ಥಾನ ಮೀಸಲಿವೆ. ಅಲ್ಲಿ ಕೂತವರು ಸುಮ್ಮನೆ ಸಹಿ ಹಾಕುವುದಲ್ಲ. ಹಾಲು ತೆಗೆದುಕೊಳ್ಳುವ ಹೊತ್ತು ಮಕ್ಕಳ ಶಾಲೆಯ ಹೊತ್ತಿಗೆ ಹೊಂದುವಂತೆ ಇರಲಿ, ತರಬೇತಿ ಮಧ್ಯಾಹ್ನ ಇಡಲಿ ಎಂದು ಕೇಳಬೇಕಾದ ಜಾಗ ಅದು. ಸಂಸಾರದ ಹೊತ್ತು ತಿಳಿದವಳು ಕೇಳದಿದ್ದರೆ ಬೇರೆ ಯಾರಿಗೂ ಅದು ಹೊಳೆಯುವುದಿಲ್ಲ.

ಇದು ಆಗದ ಮಾತೇನಲ್ಲ. ನೆರೆಯ ತೆಲಂಗಾಣದ ಮುಲ್ಕನೂರು ನಮ್ಮ ಹಾಗೆಯೇ ಬಿಸಿಲ ನಾಡು. ಅಲ್ಲಿನ ಹಳ್ಳಿಗಳ ಹೆಣ್ಣುಮಕ್ಕಳು ಮೊದಲು ಉಳಿತಾಯ ಸಂಘ ಕಟ್ಟಿದರು, ಆಮೇಲೆ 2000ದಲ್ಲಿ ತಮ್ಮದೇ ಸಹಕಾರಿ ಡೈರಿ ಆರಂಭಿಸಿದರು. ಸದಸ್ಯರೂ ಹೆಂಗಸರೇ, ನಿರ್ದೇಶಕರೂ ಹೆಂಗಸರೇ. "ಸ್ವಕೃಷಿ" ಎಂಬ ಹೆಸರಿನಲ್ಲಿ ಅವರ ಹಾಲು ಮಾರಾಟವಾಗುತ್ತದೆ. ನಮ್ಮ ರಾಜ್ಯದಲ್ಲಿಯೂ ಕೇಂದ್ರ ಸರ್ಕಾರದ ಸ್ಟೆಪ್ ಯೋಜನೆಯ ನೆರವಿನಿಂದ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳು ಬೆಳೆದಿವೆ. ಫ್ಯಾಟ್ ಪರೀಕ್ಷೆ ಮಾಡುವವರು, ಲೆಕ್ಕ ಬರೆಯುವವರು, ಅಧ್ಯಕ್ಷರು ಎಲ್ಲ ಹೆಣ್ಣುಮಕ್ಕಳೇ ಇರುವ ಸಂಘಗಳು ಅವು. ಆ ಹೆಣ್ಣುಮಕ್ಕಳಿಗೂ ಅಡುಗೆಮನೆ ಇದೆ, ಮಕ್ಕಳಿದ್ದಾರೆ. ತಾವು ಮಾಡುತ್ತಿರುವುದು ನೌಕರಿ ಎಂದು ಅವರು ತಿಳಿದರು, ಮನೆಯವರಿಗೂ ತಿಳಿಸಿದರು.

ಈ ತಿಂಗಳು ಇಷ್ಟು ಮಾಡಿ

1. ಮೂರು ದಿನ ಕೊಟ್ಟಿಗೆಯ ತಾಸು ಬರೆಯಿರಿ. ಯಾರು ಮಾಡಿದರು ಎಂಬುದನ್ನೂ ಬರೆಯಿರಿ.
2. ಬಟವಾಡೆಯ ದಿನ ಮನೆಯವರೆಲ್ಲ ಕೂತಾಗ ಆ ಲೆಕ್ಕ, ಬಿಲ್ಲು ಎರಡನ್ನೂ ಮುಂದಿಡಿ. ತಾಸಿಗೆ ಎಷ್ಟು ಬಿತ್ತು ಎಂದು ಮಕ್ಕಳಿಂದಲೇ ಲೆಕ್ಕ ಹಾಕಿಸಿ.
3. ಒಂದು ಕೆಲಸವನ್ನು ಪೂರ್ತಿಯಾಗಿ ಯಜಮಾನರಿಗೆ ಒಪ್ಪಿಸಿ.
4. ಕೊಟ್ಟಿಗೆಯಲ್ಲಿ ನೀರಿನ ತೊಟ್ಟಿ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಮೇವಿನ ಯಂತ್ರ ಆಮೇಲೆ.
5. ಸದಸ್ಯತ್ವ ಯಾರ ಹೆಸರಿನಲ್ಲಿದೆ, ಬಿಲ್ಲು ಯಾವ ಖಾತೆಗೆ ಹೋಗುತ್ತಿದೆ ಎಂದು ಕಾರ್ಯದರ್ಶಿಯನ್ನು ಕೇಳಿ.
6. ಮಗಳು ಈ ತಿಂಗಳು ಎಷ್ಟು ದಿನ ಶಾಲೆಗೆ ಹೋಗಲಿಲ್ಲ, ಯಾಕೆ ಹೋಗಲಿಲ್ಲ ಎಂದು ಆಕೆಯ ಮೇಷ್ಟ್ರನ್ನು ವಿಚಾರಿಸಿ. ಕಾರಣ ಕೊಟ್ಟಿಗೆಯಾಗಿದ್ದರೆ ಮೇಲಿನ ಐದರಲ್ಲಿ ಯಾವುದನ್ನು ಇವತ್ತೇ ಶುರು ಮಾಡಬೇಕು ಎಂಬುದು ನಿಮಗೇ ತಿಳಿಯುತ್ತದೆ.